ಬೆಟ್ಟ ಕಾಯುವವನಿಗೆ ನಾಲ್ಕೇ ವರ್ಷ ಯಾಕೆ?

2025ರ ಮೇ 7ರ ನಸುಕಿನಲ್ಲಿ ನಮ್ಮ ಪಡೆಗಳು ಪಾಕಿಸ್ತಾನ ಮತ್ತು ಅದರ ಹಿಡಿತದಲ್ಲಿರುವ ಕಾಶ್ಮೀರದ ಒಂಬತ್ತು ಉಗ್ರ ನೆಲೆಗಳಿಗೆ ಹೊಡೆದವು. 10ರ ಸಂಜೆಗೆ ಕಾಳಗ ನಿಂತಿತು. ಈ ನಾಲ್ಕು ದಿನದಲ್ಲಿ ನಮ್ಮ ಕಾಲ್ದಳ ಗಡಿ ದಾಟಿ ನುಗ್ಗಲಿಲ್ಲ. ಅಂದಿನಿಂದ ಟಿ.ವಿ. ಚರ್ಚೆಯಲ್ಲೂ, ಕಟ್ಟಾಯದಿಂದ ಹಾಸನಕ್ಕೆ ಹೋಗುವ ಬಸ್ಸಿನಲ್ಲೂ ಒಂದು ಮಾತು ಕಿವಿಗೆ ಬೀಳುತ್ತಲೇ ಇದೆ: ಇನ್ನು ಯುದ್ಧವೆಂದರೆ ಕ್ಷಿಪಣಿ, ಡ್ರೋನ್, ವಿಮಾನ, ಬಂದೂಕು ಹೊತ್ತು ನಡೆಯುವ ಕಾಲಾಳಿನ ಕಾಲ ಮುಗಿಯಿತು. ಇದು ಬರೀ ಹರಟೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಕಾಲಾಳು ಹೇಗೂ ಬೇಡವಾಗುತ್ತಾನೆ, ಅವನಿಗೆ ಜೀವಮಾನದ ನೌಕರಿ ಏಕೆ, ಪಿಂಚಣಿಯ ದುಡ್ಡಿನಲ್ಲಿ ಯಂತ್ರ ಕೊಳ್ಳೋಣ ಎನ್ನುವ ವಾದಕ್ಕೆ ಈ ಮಾತೇ ಊರುಗೋಲಾಗಿದೆ. ಹೆಚ್ಚಿನ ಸೈನಿಕರನ್ನು ನಾಲ್ಕೇ ವರ್ಷಕ್ಕೆ ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆಯನ್ನು ಸಮರ್ಥಿಸುವವರು ಇದನ್ನೇ ಹೇಳುತ್ತಿದ್ದಾರೆ. ಅದು ತಪ್ಪು ಎಂದು ನಾನು ನಂಬಿದ್ದೇನೆ.

ಆ ನಾಲ್ಕು ದಿನಗಳನ್ನೇ ನೋಡಿ. ಅವಕ್ಕೆ ಕಾರಣವಾದದ್ದು ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ನಡೆದ 26 ಜನರ ಹತ್ಯೆ. ಸತ್ತವರಲ್ಲಿ ಶಿವಮೊಗ್ಗದವರೂ ಬೆಂಗಳೂರಿನವರೂ ಇದ್ದರು. ಕ್ಷಿಪಣಿಗಳು ಉಗ್ರರ ಕೇಂದ್ರಗಳನ್ನು ಪುಡಿ ಮಾಡಿದವು, ಸರಿ. ಗುಂಡು ಹಾರಿಸಿದ ಮೂವರು ಮಾತ್ರ ಆ ಕೇಂದ್ರಗಳಲ್ಲಿರಲಿಲ್ಲ. ಕಾಶ್ಮೀರದ ಕಾಡಿನೊಳಗೇ ಇದ್ದರು. ಅವರು ಸಿಕ್ಕಿದ್ದು ಜುಲೈ 28ರಂದು, ಶ್ರೀನಗರದ ಹತ್ತಿರ ದಾಚಿಗಾಮ್ ಕಾಡಿನಲ್ಲಿ. ಮೂರು ತಿಂಗಳು ಜಾಡು ಹಿಡಿದು ಬೆಟ್ಟ ಹತ್ತಿದ ಸೈನಿಕರು ಅವರನ್ನು ಮುಗಿಸಿದರು. ಆ ಕೆಲಸವನ್ನು ಯಾವ ವಿಮಾನವೂ ಮಾಡಿಕೊಡುವಂತಿರಲಿಲ್ಲ. ಇನ್ನೊಂದು ಸಾವನ್ನೂ ನೆನೆಯಬೇಕು. ಮೇ 9ರಂದು ನಿಯಂತ್ರಣ ರೇಖೆಯಲ್ಲಿ ಪಾಕಿಸ್ತಾನದ ದಾಳಿಗೆ ಬಲಿಯಾದ ಮುರಳಿ ನಾಯಕ್, ನಮ್ಮ ಬಾಗೇಪಲ್ಲಿಗೆ ಹತ್ತಿರದ ಆಂಧ್ರದ ಗೋರಂಟ್ಲ ಮಂಡಲದ ಹುಡುಗ. ಅವನು ಅಗ್ನಿವೀರ, ಅಂದರೆ ಅಗ್ನಿಪಥದಡಿ ಸೇರಿದವನು. ಆಕಾಶದಲ್ಲೇ ನಡೆಯಿತು ಎನ್ನುವ ಯುದ್ಧದಲ್ಲಿ ಅವನು ನೆಲದ ಮೇಲೆ ನಿಂತು ಪ್ರಾಣ ಕೊಟ್ಟ.

ವಾಯುಬಲದ ಪರವಾಗಿ ಮಾತಾಡುವವರ ಬಳಿ ಗಟ್ಟಿಯಾದ ಉದಾಹರಣೆಯೂ ಇದೆ: ಕೊಸೊವೊ. 1999ರಲ್ಲಿ ನ್ಯಾಟೋ ಪಡೆಗಳು 78 ದಿನ ಬಾಂಬ್ ಸುರಿದವು, ಭೂಸೇನೆ ನುಗ್ಗಿಸದೆಯೇ ಸರ್ಬಿಯಾ ಬಗ್ಗಿತು. ಇದನ್ನು ಒಪ್ಪಲೇಬೇಕು. ಆದರೆ ಸರ್ಬಿಯಾದ ಪಡೆ ಜಾಗ ಬಿಟ್ಟ ಕೂಡಲೇ ಅಲ್ಲಿಗೆ ಸಾವಿರಾರು ನ್ಯಾಟೋ ಸೈನಿಕರು ಕಾಲಿಟ್ಟರು. ಇಪ್ಪತ್ತೈದು ವರ್ಷ ಕಳೆದ ಮೇಲೂ ಅವರು ಅಲ್ಲಿದ್ದರು. ಅತ್ತ ವಿಯೆಟ್ನಾಂ ಯುದ್ಧದ ಕಾಲದಲ್ಲಿ, ಇಡೀ ಎರಡನೇ ಮಹಾಯುದ್ಧದಲ್ಲಿ ಬೀಳಿಸಿದ್ದಕ್ಕಿಂತ ಹೆಚ್ಚು ಬಾಂಬನ್ನು ಅಮೆರಿಕ ಬೀಳಿಸಿತು. 1975ರ ಏಪ್ರಿಲ್ 30ರಂದು ಸೈಗಾನ್‌ನ ಅರಮನೆಯ ಗೇಟು ಮುರಿದು ಒಳಗೆ ಬಂದದ್ದು ಎದುರಾಳಿಯ ಟ್ಯಾಂಕು.

ಇದೇ ವಿಷಯಕ್ಕೆ ನಮಗೆ ಕಾರ್ಗಿಲ್‌ಗಿಂತ ದೊಡ್ಡ ಪಾಠ ಬೇಕಿಲ್ಲ. 1999ರ ಮೇ 26ರಂದು ವಾಯುಪಡೆ ಕಣಕ್ಕಿಳಿಯಿತು. ಮರುದಿನವೇ ಒಂದು ಮಿಗ್-21, ಒಂದು ಮಿಗ್-27 ಹೋದವು. ಅದರ ಮರುದಿನ ಒಂದು ಎಂಐ-17 ಹೆಲಿಕಾಪ್ಟರ್. ಆ ಎತ್ತರದ ತೆಳುಗಾಳಿಯಲ್ಲಿ, ನಿಯಂತ್ರಣ ರೇಖೆ ದಾಟಬಾರದೆಂಬ ಕಟ್ಟಪ್ಪಣೆಯ ನಡುವೆ, ವಾಯುಪಡೆಯವರು ಬೇಗ ಕಲಿತರು. ಮಿರಾಜ್ 2000 ವಿಮಾನಗಳಿಗೆ ಲೇಸರ್ ಗುರಿಯ ಬಾಂಬ್ ಜೋಡಿಸಿ, ಜೂನ್ 24ರಂದು ಟೈಗರ್ ಹಿಲ್ ಮೇಲಿನ ಬಂಕರ್‌ಗೆ ಕರಾರುವಾಕ್ಕಾಗಿ ಹೊಡೆದರು. ಅಂದೇ ಬೆಟ್ಟ ನಮ್ಮದಾಯಿತೇ? ಇಲ್ಲ. ಹತ್ತು ದಿನದ ಮೇಲೆ, ಜುಲೈ 4ರಂದು, 18 ಗ್ರೆನೇಡಿಯರ್ಸ್‌ನ ಹುಡುಗರು ರಾತ್ರಿಯ ಕತ್ತಲಲ್ಲಿ ಹಗ್ಗ ಹಿಡಿದು ಕಡಿದಾದ ಬಂಡೆ ಹತ್ತಿ, ಎದುರಾಬದುರು ಕಾದಾಡಿ ಶಿಖರ ಹಿಡಿದರು. ಬಾಂಬು ಶತ್ರುವಿನ ಡೇರೆ, ಮದ್ದುಗುಂಡು, ಧೈರ್ಯ ಎಲ್ಲವನ್ನೂ ಕೆಡಿಸಿತ್ತು. ಬೊಫೋರ್ಸ್ ಫಿರಂಗಿಗಳು ದಾರಿ ತೆರೆದಿದ್ದವು. ಇಷ್ಟಾದರೂ ಬಂಕರಿನೊಳಗೆ ಉಳಿದವನನ್ನು ಹೊರಗೆಳೆಯಲು ಮನುಷ್ಯನೇ ಹೋಗಬೇಕಾಯಿತು. ಆ ಯುದ್ಧದಲ್ಲಿ ನಾವು ಕಳೆದುಕೊಂಡ 527 ಜನರಲ್ಲಿ ಹೆಚ್ಚಿನವರು ಹೀಗೆ ಬೆಟ್ಟ ಹತ್ತಿದವರು.

ವಾಯುಪಡೆಯನ್ನು ಕೀಳುಗಳೆಯಲು ಇದನ್ನು ಹೇಳುತ್ತಿಲ್ಲ. ಹೆಚ್‌ಎಎಲ್ ಇರುವ ನಾಡಿನವನಾಗಿ, ಕೊಡಗಿನ ಸ್ಕ್ವಾಡ್ರನ್ ಲೀಡರ್ ಎ.ಬಿ. ದೇವಯ್ಯ 1965ರಲ್ಲಿ ಸರ್ಗೋಧಾ ಮೇಲೆ ಹಾರಿ ಮರಳಿ ಬಾರದಿದ್ದುದನ್ನು ತಿಳಿದವನಾಗಿ, ನಾನು ಹಾಗೆ ಮಾಡಲಾರೆ. 1971ರ ಯುದ್ಧದಲ್ಲಿ ಮೇಘನಾ ನದಿಯನ್ನು ನಮ್ಮ ಸೈನಿಕರು ದಾಟಿದ್ದು ಹೆಲಿಕಾಪ್ಟರ್‌ಗಳಲ್ಲಿ. ಡಿಸೆಂಬರ್ 14ರಂದು ಢಾಕಾದ ರಾಜಭವನದ ಮೇಲೆ ಮಿಗ್‌ಗಳು ಎರಗಿದಾಗ ಗವರ್ನರ್ ರಾಜೀನಾಮೆ ಬರೆದುಕೊಟ್ಟ. ನೆಲದ ಪಡೆ ಊರ ಬಾಗಿಲಿಗೆ ಬಂದು ನಿಂತ ಮೇಲೆ, 16ರಂದು ಶರಣಾಗತಿ. ಆ ಯುದ್ಧದಲ್ಲಿ ಭೂಸೇನೆಯಲ್ಲಿದ್ದ ಗೊರೂರಿನ ಜಿ.ಆರ್. ಗೋಪಿನಾಥ್ ಮುಂದೆ ಏರ್ ಡೆಕ್ಕನ್ ಕಟ್ಟಿದರು. ನಮ್ಮ ಸೀಮೆಯವರಿಗೆ ನೆಲ, ಆಕಾಶ ಎರಡೂ ಪರಕೀಯವಲ್ಲ. ಹಾಸನದ ಸಾಲಗಾಮೆ ರಸ್ತೆಯ ಎಂಸಿಎಫ್ ಎಂಬ ಉಪಗ್ರಹ ನಿಯಂತ್ರಣ ಕೇಂದ್ರವೇ ಸಾಕ್ಷಿ: ವಾಯುಪಡೆಯ ಸಂಪರ್ಕಕ್ಕೆಂದು 2018ರ ಡಿಸೆಂಬರ್‌ನಲ್ಲಿ ಹಾರಿಸಿದ ಜಿಸ್ಯಾಟ್-7ಎ ಉಪಗ್ರಹದ ನಿಯಂತ್ರಣ ಬಂದದ್ದು ಇಲ್ಲಿಗೆ.

ಅದೇ ಹಾಸನಕ್ಕೆ ಸೇರಿದ ತೇಜೂರಿನ ಸುಬೇದಾರ್ ನಾಗೇಶ್ ಸಿಯಾಚಿನ್‌ನಲ್ಲಿ ತೀರಿಕೊಂಡರು. 2016ರ ಫೆಬ್ರವರಿ 3ರಂದು, 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮ ಕುಸಿಯಿತು. ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಅದರಡಿ ಸಿಕ್ಕಿಕೊಂಡರು. ಅವರಲ್ಲಿ ಮೂವರು ಕನ್ನಡ ನಾಡಿನವರು: ನಾಗೇಶ್, ಹೆಗ್ಗಡದೇವನಕೋಟೆ ಕಡೆಯ ಮಹೇಶ್, ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ. ಹನುಮಂತಪ್ಪ ಆರನೇ ದಿನ ಉಸಿರಾಡುತ್ತಾ ಸಿಕ್ಕಿದರು, 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. 1984ರಲ್ಲಿ ಆ ಹಿಮನದಿಗೆ ನಮ್ಮವರನ್ನು ಇಳಿಸಿದ್ದು ಹೆಲಿಕಾಪ್ಟರ್. ಬೆಂಗಳೂರಿನಲ್ಲಿ ತಯಾರಾದ ಚೀತಾ ಹೆಲಿಕಾಪ್ಟರ್‌ಗಳು ಅಕ್ಕಿ, ಸೀಮೆಎಣ್ಣೆ ಹೊತ್ತು ಹಾರದಿದ್ದರೆ ಆ ಠಾಣೆಗಳು ಬದುಕವು. ಆದರೂ ಅಲ್ಲಿ ಮನುಷ್ಯರು ಕೂತಿರುವುದರಿಂದಲೇ ಆ ಜಾಗ ನಮ್ಮದಾಗಿ ಉಳಿದಿದೆ. ಉಪಗ್ರಹ ಅದನ್ನು ನೋಡಬಲ್ಲದು. ಕಾಯುವುದು ಅದರ ಕೆಲಸವಲ್ಲ.

ಸುಬೇದಾರ್ ಎಂದರೆ ಹತ್ತಾರು ವರ್ಷ ಸೇವೆ ಮಾಡಿದವನು. ಹಿಮದ ಬಣ್ಣ ನೋಡಿ ಅಪಾಯ ಗುರುತಿಸುವುದು, ಎತ್ತರದಲ್ಲಿ ಪಕ್ಕದ ಹುಡುಗನ ಮಾತು ತೊದಲಿದರೆ ಅವನನ್ನು ತಕ್ಷಣ ಕೆಳಗಿಳಿಸಬೇಕೆಂದು ಅರಿಯುವುದು, ಇವೆಲ್ಲ ಆರೇಳು ತಿಂಗಳ ತರಬೇತಿಯಲ್ಲಿ ಬರುವ ವಿದ್ಯೆಯಲ್ಲ. ಅಗ್ನಿಪಥ ಹೇಳುವುದೇನು? ನಾಲ್ಕು ವರ್ಷ ದುಡಿ, ನೂರರಲ್ಲಿ ಹೆಚ್ಚೆಂದರೆ 25 ಜನ ಉಳಿಯಿರಿ, ಮಿಕ್ಕವರು ಸುಮಾರು 11.71 ಲಕ್ಷ ರೂಪಾಯಿ ಹಿಡಿದು ಮನೆಗೆ ನಡೆಯಿರಿ. ಪಿಂಚಣಿ ಇಲ್ಲ. ಸೇನೆ ಯುವಕರದ್ದಾಗುತ್ತದೆ ಎನ್ನುತ್ತಾರೆ. ಬೆಟ್ಟ ಹತ್ತಲು ಎಳೆಯ ಕಾಲು ಬೇಕು ಎಂಬುದು ನಿಜವೇ. ಆ ಕಾಲುಗಳನ್ನು ಎಲ್ಲಿಡಬೇಕೆಂದು ಹೇಳಿಕೊಡುವ ಹವಾಲ್ದಾರರು ಮುಂದೆ ಎಲ್ಲಿಂದ ಬರುತ್ತಾರೆ? ಆ ನೂರರಲ್ಲಿ 25ರಿಂದಲೇ ಬರಬೇಕು.

2022ರ ಆಗಸ್ಟ್‌ನಲ್ಲಿ ಹಾಸನದಲ್ಲೇ ಅಗ್ನಿವೀರ್ ಭರ್ತಿ ರ‍್ಯಾಲಿ ನಡೆಯಿತು. ಕೋವಿಡ್ ನೆಪದಲ್ಲಿ ಎರಡು ವರ್ಷ ಭರ್ತಿಯೇ ಇಲ್ಲದೆ ಕಾದಿದ್ದ ಹುಡುಗರು, ಆಲೂಗಡ್ಡೆ ಹೊಲದಿಂದ, ತೆಂಗಿನ ತೋಟದಿಂದ ಬಂದವರು, 1600 ಮೀಟರ್ ಓಡಿದರು. ಇವರ ಮನೆಯವರು ಮಿಲಿಟ್ರಿ ಎಂದರೆ ಜೀವನಕ್ಕೊಂದು ದಾರಿ ಎಂದುಕೊಂಡವರು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಕಾದಾಡುವವನ ಸಂಸಾರದ ಹೊಣೆ ಆಳುವವರದು ಎನ್ನುವುದು ಈ ನೆಲದಲ್ಲಿ ಹಳೆಯ ಕಟ್ಟಳೆ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದಲ್ಲಿರುವುದು ಯುದ್ಧದಲ್ಲಿ ಪರಾಕ್ರಮ ತೋರಿದವನಿಗೆ ಊರು ಕೊಟ್ಟ ಸಂಗತಿ. ಹೋರಾಡಿ ಸತ್ತವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಬಿಟ್ಟುಕೊಟ್ಟ ಶಾಸನಗಳೂ ಕನ್ನಡ ನಾಡಿನಲ್ಲಿವೆ. ಇಂದು ಕರ್ತವ್ಯದಲ್ಲಿ ಸತ್ತ ಅಗ್ನಿವೀರನ ತಾಯಿಗೆ ವಿಮೆಯ, ಪರಿಹಾರದ ಹಣ ಒಟ್ಟಿಗೆ ಸಿಗುತ್ತದೆ. ಪಕ್ಕದ ಬಂಕರಿನಲ್ಲಿ ಸತ್ತ ಖಾಯಂ ಸೈನಿಕನ ಮನೆಗೆ ಸಿಗುವ ತಿಂಗಳ ಪಿಂಚಣಿ ಸಿಗುವುದಿಲ್ಲ.

2022ರ ಕೊನೆಗೆ ತರಬೇತಿಗೆ ಹೋದ ಮೊದಲ ತಂಡದ ನಾಲ್ಕು ವರ್ಷ 2026ರ ಕೊನೆಗೆ ಮುಗಿಯುತ್ತದೆ. ಡ್ರೋನ್ ಕೊಳ್ಳಲಿ, ಯುದ್ಧವಿಮಾನ ಕೊಳ್ಳಲಿ, ಅದಕ್ಕೆ ನಾನು ಕೊಡುವ ತೆರಿಗೆಯೂ ಸೇರಲಿ. ಕಾಲ್ದಳದಲ್ಲಿ ಮಾತ್ರ 25ರ ಮಿತಿಯನ್ನು ತೆಗೆದುಹಾಕಿ, ಅರ್ಹರಾದವರಲ್ಲಿ ಬಹುಪಾಲು ಜನರನ್ನು ಉಳಿಸಿಕೊಳ್ಳಬೇಕು. ಸತ್ತವರ ಮನೆಗೆ ಪಿಂಚಣಿ ಕೊಡಬೇಕು. ಹಾಸನದ ಸಂಸದರು, ಯಾವ ಪಕ್ಷದವರೇ ಆಗಿರಲಿ, ಈ ಎರಡು ಬೇಡಿಕೆಗಳನ್ನು ಲೋಕಸಭೆಯಲ್ಲಿ ಎತ್ತಿ, ರಕ್ಷಣಾ ಸಚಿವರಿಂದ ಲಿಖಿತ ಉತ್ತರ ಪಡೆದು ಜಿಲ್ಲೆಯ ಜನರ ಮುಂದೆ ಇಡಬೇಕು.