ಅತಿಥಿಗಳೆಂದು ಕರೆದು ಅಂಗಳದಲ್ಲೇ ನಿಲ್ಲಿಸಿದವರು

ಅತಿಥಿ ಎಂಬ ಪದಕ್ಕೆ ನಮ್ಮ ನಾಡಿನಲ್ಲಿ ದೊಡ್ಡ ಗೌರವವಿದೆ. ಮನೆಗೆ ಬಂದವರಿಗೆ ಮೊದಲು ನೀರು, ಬೆಲ್ಲ ಕೊಟ್ಟು ಆಮೇಲೆ ಬಂದ ಕಾರಣ ಕೇಳುವ ಜನ ನಾವು. ಆದರೆ ಸರಕಾರಿ ಕಡತದಲ್ಲಿ ಈ ಪದಕ್ಕಿರುವ ಅರ್ಥ ಬೇರೆ. ಅಲ್ಲಿ ಅತಿಥಿಯೆಂದರೆ ಖಾಯಂ ಶಿಕ್ಷಕರಷ್ಟೇ ಪಾಠ ಮಾಡಬೇಕಾದ, ಸಂಬಳದ ಬದಲು ಗೌರವಧನ ಪಡೆಯಬೇಕಾದ, ಹೊರಡು ಎಂದ ದಿನವೇ ಹೊರಡಬೇಕಾದ ಮನುಷ್ಯ. 2025-26ನೇ ಸಾಲಿಗೆ ರಾಜ್ಯದ ಸರಕಾರಿ ಪ್ರಾಥಮಿಕ ಶಾಲೆಗಳಿಗೆ 40,000 ಮತ್ತು ಪ್ರೌಢಶಾಲೆಗಳಿಗೆ 11,000 ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳಲು ಅನುಮತಿ ನೀಡಲಾಯಿತು. ಒಂದು ಮನೆಗೆ ಇಷ್ಟೊಂದು ಅತಿಥಿಗಳು ವರ್ಷ ವರ್ಷವೂ ಬರುತ್ತಿದ್ದಾರೆಂದರೆ ಅವರು ಅತಿಥಿಗಳೇ, ಅಥವಾ ಮನೆಯವರೇ?

ಬದಲಿ ಶಿಕ್ಷಕ ಎಂದರೆ ಸಾಮಾನ್ಯವಾಗಿ ರಜೆಯಲ್ಲಿರುವ ಶಿಕ್ಷಕರ ಜಾಗದಲ್ಲಿ ಕೆಲವು ದಿನ ನಿಲ್ಲುವವರು. ಹಲವು ದೇಶಗಳಲ್ಲಿ ಹಾಗೆಯೇ ಇದೆ. ಕರ್ನಾಟಕದ ಅತಿಥಿ ಶಿಕ್ಷಕ ಯಾರ ಬದಲಿಗೆ ನಿಂತಿದ್ದಾನೆ? ಹೆಚ್ಚಿನ ಕಡೆ ಯಾರ ಬದಲಿಗೂ ಅಲ್ಲ. ಹುದ್ದೆಯೇ ಖಾಲಿ. ನಿವೃತ್ತರಾದವರ ಜಾಗಕ್ಕೆ ನೇಮಕಾತಿ ನಡೆಯದಿರುವುದರಿಂದ ಹುಟ್ಟಿದ ಖಾಲಿತನವದು. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಪರೀಕ್ಷೆ ನಡೆಯಿತಾದರೂ ಅಷ್ಟೂ ಹುದ್ದೆಗಳು ತುಂಬಲಿಲ್ಲ. ಹೀಗಾಗಿ ಮುಖ್ಯೋಪಾಧ್ಯಾಯರು ಊರಿನ ಪದವೀಧರರಿಂದ ಅರ್ಜಿ ಪಡೆದು ಆ ವರ್ಷವನ್ನು ದಾಟಿಸುತ್ತಾರೆ. ವರ್ಗಾವಣೆಯಲ್ಲೋ ಹೊಸ ನೇಮಕಾತಿಯಲ್ಲೋ ಖಾಯಂ ಶಿಕ್ಷಕರು ಬಂದರೆ ಅತಿಥಿ ಹೊರಗೆ. ಯಾರೂ ಬರದಿದ್ದರೂ ಶೈಕ್ಷಣಿಕ ವರ್ಷ ಮುಗಿದೊಡನೆ ಹೊರಗೆ. ಎಪ್ರಿಲ್, ಮೇ ತಿಂಗಳುಗಳಲ್ಲಿ ಅತಿಥಿಯ ಮಕ್ಕಳಿಗೆ ಹಸಿವಾಗುವುದಿಲ್ಲವೆಂದು ಇಲಾಖೆ ನಂಬಿರುವಂತಿದೆ.

ಒಳ್ಳೆಯ ಕಾಲದಲ್ಲೇ ಹೀಗೆ. ಆರ್ಥಿಕ ಕುಸಿತ ಬಂದಾಗ ಏನಾಗುತ್ತದೆ ಎಂಬುದನ್ನು ನಾವು 2020ರಲ್ಲಿ ಕಣ್ಣಾರೆ ಕಂಡೆವು. ಆ ವರ್ಷದ ಮಾರ್ಚ್‌ನಲ್ಲಿ ಶಾಲೆಗಳಿಗೆ ಬೀಗ ಬಿತ್ತು. ಮುಂದಿನ ಮೂರು ತಿಂಗಳಲ್ಲಿ ದೇಶದ ಆರ್ಥಿಕತೆ ಸುಮಾರು ಶೇ. 24ರಷ್ಟು ಕುಗ್ಗಿತು. ಜೂನ್‌ನಲ್ಲಿ ಶಾಲೆ ತೆರೆಯಲಿಲ್ಲ. ಅತಿಥಿ ಶಿಕ್ಷಕರ ಆದೇಶವೂ ಹೊರಡಲಿಲ್ಲ. ಆಗಸ್ಟ್‌ನಲ್ಲಿ ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ವಿದ್ಯಾಗಮ ಆರಂಭವಾಯಿತು, ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ನಿಂತಿತು. ಖಾಯಂ ಶಿಕ್ಷಕರಿಗೆ ಸಂಬಳ ಬರುತ್ತಿತ್ತು, ಬರಬೇಕಾದದ್ದೇ. ಅದರಲ್ಲಿ ನಮಗೆ ತಕರಾರಿಲ್ಲ. ಆದರೆ ಹಿಂದಿನ ಮಾರ್ಚ್‌ವರೆಗೆ ಅದೇ ಕೊಠಡಿಯಲ್ಲಿ ಅದೇ ಮಕ್ಕಳಿಗೆ ಲೆಕ್ಕ ಕಲಿಸಿದವರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಕೆಲಸವೇ ಇಲ್ಲದವರನ್ನು ಕೆಲಸದಿಂದ ತೆಗೆಯುವುದಾದರೂ ಹೇಗೆ? ಸರಕಾರ ಯಾರನ್ನೂ ವಜಾ ಮಾಡಲಿಲ್ಲ. ಸುಮ್ಮನೆ ಕರೆಯಲಿಲ್ಲ, ಅಷ್ಟೇ.

ನಮಗೆ ಪರಿಚಯವಿರುವ ಎಂ.ಎ., ಬಿ.ಎಡ್. ಪದವೀಧರರೊಬ್ಬರು ಆ ಬೇಸಿಗೆಯಲ್ಲಿ ಪಂಚಾಯತ್ ಕಚೇರಿಗೆ ಹೋಗಿ ಉದ್ಯೋಗ ಖಾತರಿಯ ಜಾಬ್ ಕಾರ್ಡ್ ಮಾಡಿಸಿಕೊಂಡರು. ಕೆರೆಯ ಹೂಳೆತ್ತುವ ಕೆಲಸದಲ್ಲಿ ಅವರ ಪಕ್ಕ ನಿಂತಿದ್ದವಳು ಅವರದೇ ವಿದ್ಯಾರ್ಥಿಯ ತಾಯಿ. ಆಕೆ ಮೊದಲ ದಿನ ಅವರ ಕೈಯಿಂದ ಬುಟ್ಟಿ ಕಸಿದುಕೊಳ್ಳಲು ನೋಡಿದಳಂತೆ, ಮಾಸ್ತರರು ಮಣ್ಣು ಹೊರುವುದೇ ಎಂದು. ಮಣ್ಣು ಹೊರುವುದರಲ್ಲಿ ಅವಮಾನವೇನೂ ಇಲ್ಲ. ಅವಮಾನ ಇರುವುದು ಲೆಕ್ಕದಲ್ಲಿ. 2020-21ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 275 ರೂಪಾಯಿ. ಆಗ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನ ತಿಂಗಳಿಗೆ 7,500. ಇಪ್ಪತ್ತಾರು ದಿನಕ್ಕೆ ಭಾಗಿಸಿದರೆ ದಿನಕ್ಕೆ 288 ರೂಪಾಯಿ. ಎರಡು ಪದವಿಗಳಿಗೆ ಈ ರಾಜ್ಯ ಕಟ್ಟಿದ ಬೆಲೆ ದಿನಕ್ಕೆ ಹದಿಮೂರು ರೂಪಾಯಿ! ಮುಂದೆ 2022ರಲ್ಲಿ ಅದು 10,000ಕ್ಕೇರಿತು, 2025ರ ಬಜೆಟ್‌ನಲ್ಲಿ ಇನ್ನೂ 2,000 ಸೇರಿತು. ಬೆಲೆಯೇರಿಕೆಯ ಮುಂದೆ ಇದು ಎಷ್ಟರಮಟ್ಟಿನ ಏರಿಕೆ ಎಂಬುದನ್ನು ಅಡುಗೆಮನೆ ನಡೆಸುವವರೇ ಹೇಳಬಲ್ಲರು.

ಖಾಸಗಿ ಶಾಲೆಗಳ ಕಥೆ ಇದಕ್ಕಿಂತ ಕೆಟ್ಟದಾಗಿತ್ತು. ಶುಲ್ಕ ಬರುತ್ತಿಲ್ಲವೆಂದು ಅರ್ಧ ಸಂಬಳ, ಆಮೇಲೆ ಕಾಲು, ಕೊನೆಗೆ ಏನೂ ಇಲ್ಲ. 2021ರ ಜೂನ್‌ನಲ್ಲಿ ಅನುದಾನರಹಿತ ಶಾಲೆಗಳ ಸಿಬ್ಬಂದಿಗೆ ಸರಕಾರ ಒಂದು ಬಾರಿಗೆ 5,000 ರೂಪಾಯಿ ಪ್ರಕಟಿಸಿ ಕೈತೊಳೆದುಕೊಂಡಿತು. ಇಲ್ಲಿ ಸರಕಾರವನ್ನಷ್ಟೇ ದೂರುವುದು ಪ್ರಾಮಾಣಿಕತೆಯಾಗದು. ಸಮುದಾಯದ ಹೆಸರಿನಲ್ಲಿ ಶಾಲೆ ಕಟ್ಟಿದ ನಮ್ಮ ಆಡಳಿತ ಮಂಡಳಿಗಳು ಆ ದಿನಗಳಲ್ಲಿ ಹೇಗೆ ನಡೆದುಕೊಂಡವು? ಕಿಟ್ ಹಂಚುವ ಫೋಟೋಗಳಿಗೆ ಕೊರತೆಯಿರಲಿಲ್ಲ. ಆದರೆ ಆ ಕಿಟ್‌ಗಾಗಿ ಸಾಲಿನಲ್ಲಿ ನಿಂತವರ ನಡುವೆ ತಮ್ಮದೇ ಶಾಲೆಯ ಶಿಕ್ಷಕಿಯೂ ಇರಬಹುದೆಂದು ಯೋಚಿಸಿದವರೆಷ್ಟು ಮಂದಿ?

ಶಾಲೆಯಲ್ಲಿ ಆದೇಶಕ್ಕಾಗಿ ಕಾಯುವವರು ಕಾಲೇಜಿನಲ್ಲಿ ಗಂಟೆಗಳಿಗಾಗಿ ಕಾಯುತ್ತಾರೆ. ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ಗಂಟೆಗಳನ್ನು ಹಂಚಿಕೊಂಡು 11,000ದಿಂದ 13,000 ರೂಪಾಯಿಗೆ ದುಡಿಯುತ್ತಿದ್ದರು. 2021ರ ಡಿಸೆಂಬರ್‌ನಲ್ಲಿ ಅವರು ಬೀದಿಗಿಳಿದರು. 2022ರ ಜನವರಿಯಲ್ಲಿ ಗೌರವಧನ 26,000ದಿಂದ 32,000ಕ್ಕೇರಿತು. ಪತ್ರಿಕೆಗಳಲ್ಲಿ ಸಂಕ್ರಾಂತಿಯ ಕೊಡುಗೆ ಎಂಬಂತೆ ಸುದ್ದಿ ಬಂತು. ಜೊತೆಗೇ ವಾರಕ್ಕೆ ಎಂಟು-ಹತ್ತು ಗಂಟೆಯಿದ್ದ ಕಾರ್ಯಭಾರ ಹದಿನೈದು ಗಂಟೆಯಾಯಿತು. ಕಾಲೇಜಿನಲ್ಲಿರುವ ಗಂಟೆಗಳು ಹೆಚ್ಚಾಗಲಿಲ್ಲ. ಇಬ್ಬರ ಗಂಟೆಗಳನ್ನು ಕೂಡಿಸಿ ಒಬ್ಬರಿಗೆ ಕೊಡಲಾಯಿತು, ಇನ್ನೊಬ್ಬರಿಗೆ ಬಾಗಿಲು ತೋರಿಸಲಾಯಿತು. ಒಟ್ಟಾಗಿ ಮುಷ್ಕರ ಮಾಡಿದವರು ಕೌನ್ಸೆಲಿಂಗ್ ದಿನ ಪರಸ್ಪರ ಪ್ರತಿಸ್ಪರ್ಧಿಗಳಾದರು. ಬಡವರಿಗೆ ಕೊಡಬೇಕಾದುದನ್ನು ಬಡವರಿಂದಲೇ ವಸೂಲಿ ಮಾಡುವ ಈ ಜಾಣ್ಮೆ ಅರ್ಥಶಾಸ್ತ್ರದ ಯಾವ ಪುಟದಲ್ಲಿದೆಯೋ ನಾವರಿಯೆವು.

ಖಾಯಂ ಸಹಾಯಕ ಪ್ರಾಧ್ಯಾಪಕರಿಗೆ ಯುಜಿಸಿ ನಿಗದಿಪಡಿಸಿದ ಬೋಧನಾವಧಿ ವಾರಕ್ಕೆ 16 ಗಂಟೆ. ಆರಂಭಿಕ ಮೂಲವೇತನ 57,700. 2022ರಲ್ಲಿ ಅತಿಥಿಗೆ 15 ಗಂಟೆ, ಗರಿಷ್ಠ 32,000 ಇತ್ತು. ಒಂದು ಗಂಟೆಯ ವ್ಯತ್ಯಾಸಕ್ಕೆ ಇಷ್ಟು ದಂಡ! 2023ರ ನವೆಂಬರ್‌ನಲ್ಲಿ ಮತ್ತೆ ಮುಷ್ಕರ, 2024ರ ಜನವರಿಯಲ್ಲಿ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ. ಸೇವಾವಧಿಗನುಗುಣವಾಗಿ 5,000ದಿಂದ 8,000 ರೂಪಾಯಿ ಹೆಚ್ಚಳದ ಭರವಸೆ ಸಿಕ್ಕಿತು, ಖಾಯಮಾತಿ ಸಿಗಲಿಲ್ಲ. ವಿರೋಧ ಪಕ್ಷದಲ್ಲಿದ್ದಾಗ ಮುಷ್ಕರದ ಪೆಂಡಾಲಿಗೆ ಬಂದು ಕಣ್ಣೀರು ಮಿಡಿಯುವುದು, ಅಧಿಕಾರಕ್ಕೆ ಬಂದ ಮೇಲೆ ಕಾನೂನಿನ ತೊಡಕು ವಿವರಿಸುವುದು ನಮ್ಮ ಪಕ್ಷಗಳ ವಾಡಿಕೆ.

ಕಾನೂನಿನ ತೊಡಕು ಎಂದರೆ 2006ರ ಉಮಾದೇವಿ ತೀರ್ಪು. ನಮ್ಮದೇ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರ ಪ್ರಕರಣವದು. ಹಿಂಬಾಗಿಲ ನೇಮಕಾತಿಯನ್ನು ಸುಪ್ರೀಂ ಕೋರ್ಟ್ ಅಲ್ಲಿ ತಡೆಯಿತು, ಸರಿಯೇ. ಆದರೆ ಮಂಜೂರಾದ ಹುದ್ದೆಗಳನ್ನು ವರ್ಷಾನುಗಟ್ಟಲೆ ಖಾಲಿ ಬಿಟ್ಟು ಅಗ್ಗದ ಕೂಲಿಯಲ್ಲಿ ನಡೆಸಿರೆಂದು ಅದು ಸರಕಾರಗಳಿಗೆ ಹೇಳಲಿಲ್ಲ. ಅದೇ ನ್ಯಾಯಾಲಯ 2016ರಲ್ಲಿ, ಸಮಾನ ಕೆಲಸ ಮಾಡುವ ತಾತ್ಕಾಲಿಕ ನೌಕರರೂ ಖಾಯಂ ವೇತನ ಶ್ರೇಣಿಯ ಕನಿಷ್ಠ ಮೊತ್ತಕ್ಕೆ ಅರ್ಹರು ಎಂದಿತು. 2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲೂ ಇದನ್ನೇ ಎತ್ತಿಹಿಡಿಯಿತು. ಅವರು ಪಡೆಯುತ್ತಿದ್ದುದು 30,000 ರೂಪಾಯಿ. ನಮ್ಮ ಸಚಿವರುಗಳಿಗೆ 2006ರ ತೀರ್ಪು ಮಾತ್ರ ಬಾಯಿಪಾಠವಾಗಿದೆ.

ಬೊಕ್ಕಸದ ಸ್ಥಿತಿ ನಮಗೆ ತಿಳಿಯದ್ದಲ್ಲ. ಎಲ್ಲ ಹುದ್ದೆಗಳನ್ನೂ ಒಂದೇ ವರ್ಷದಲ್ಲಿ ತುಂಬಿ ಎಂದು ನಾವು ಹೇಳುತ್ತಿಲ್ಲ. ಆದರೆ ಅತಿಥಿ ಶಿಕ್ಷಕರ ಆದೇಶ ಶಾಲೆ ತೆರೆಯುವ ಮುನ್ನವೇ ಹೊರಡಲು ಯಾವ ಬೊಕ್ಕಸ ಅಡ್ಡಿ? ಗೌರವಧನವನ್ನು ಮೂರು ತಿಂಗಳು ಕೂಡಿಡದೆ ತಿಂಗಳು ತಿಂಗಳು ಕೊಡಲು? ಒಂದು ಶಾಲೆಯಲ್ಲಿ ಖಾಯಂ ಶಿಕ್ಷಕರು ಬಂದಾಗ ಅತಿಥಿಯನ್ನು ಮನೆಗೆ ಕಳುಹಿಸುವ ಬದಲು ಅದೇ ತಾಲೂಕಿನ ಇನ್ನೊಂದು ಖಾಲಿ ಹುದ್ದೆಗೆ ಕಳುಹಿಸಲು? ವರ್ಷವಿಡೀ ಕಲಿಸಿದವರಿಗೆ ಎಪ್ರಿಲ್ ಮತ್ತು ಮೇ ತಿಂಗಳ ಗೌರವಧನವನ್ನೂ ಸೇರಿಸಿ ಆದೇಶ ಹೊರಡಿಸಲಿ. ಈ ಬಾರಿ ಮುಷ್ಕರಕ್ಕೆ ಮೊದಲೇ.