ಕೆಳಗೆ ಹಾರುವವರ ಧೈರ್ಯ

ಆಕಾಶದಲ್ಲಿ ಎತ್ತರವಾಗಿ ಹಾರುವವರಿಗೆ ಅಪಾಯವು ಹೆಚ್ಚು, ನೆಲದ ಸಮೀಪದಲ್ಲಿ ಹಾರುವವರಿಗೆ ಕಡಿಮೆ ಎಂದು ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ಭಾವಿಸಿರುವರು. ಏಣಿಯ ವಿಷಯದಲ್ಲಿ ಈ ಮಾತು ಸರಿಯೇ. ಜೈರೋಕಾಪ್ಟರೆಂಬ ಸಣ್ಣ ವಿಮಾನದ ವಿಷಯದಲ್ಲಿಯಾದರೋ ಇದು ಶುದ್ಧ ತಪ್ಪೆಂದು ನಾವು ಹೇಳಬೇಕಾಗಿದೆ.

ಸ್ಪೇನ್ ದೇಶದ ಹುವಾನ್ ದೆ ಲಾ ಸಿಯೆರ್ವಾ ಎಂಬವನು ಕಟ್ಟಿದ ದೊಡ್ಡ ವಿಮಾನವೊಂದು 1919ರಲ್ಲಿ ನೆಲದ ಸಮೀಪದಲ್ಲಿ ವೇಗವು ಕುಂದಿ ಬಿದ್ದುಹೋಯಿತು. ವೇಗವು ತಗ್ಗಿದರೂ ಕೈಬಿಡದ ರೆಕ್ಕೆಯೊಂದನ್ನು ಕಂಡುಹಿಡಿಯಬೇಕೆಂದು ಅವನು ಪಟ್ಟ ಪ್ರಯಾಸದ ಫಲವಾಗಿ 1923ರ ಜನವರಿಯಲ್ಲಿ ಅವನ ಆಟೋಜೈರೋ ಹಾರಿತು. ಇಂದಿನ ಜೈರೋಕಾಪ್ಟರು ಅದರ ಸಂತತಿಯೇ. ಇದರ ತಲೆಯ ಮೇಲಣ ರೆಕ್ಕೆಯನ್ನು ಹಾರಾಟದಲ್ಲಿ ಎಂಜಿನು ತಿರುಗಿಸುವುದಿಲ್ಲ. ಎಂಜಿನು ಪ್ರೊಪೆಲ್ಲರಿನಿಂದ ಯಂತ್ರವನ್ನು ಮುಂದಕ್ಕೆ ನೂಕುವುದು ಮಾತ್ರ. ಮಗುವು ಓಡುವಾಗ ಅದರ ಕೈಯ ಕಾಗದದ ಗಿರಗಿಟ್ಟಲೆಯು ತಿರುಗುವಂತೆ, ಕೆಳಗಿನಿಂದ ಮೇಲಕ್ಕೆ ನುಗ್ಗುವ ಗಾಳಿಯಿಂದ ರೆಕ್ಕೆಯು ತಾನೇ ತಿರುಗುವುದು. ಆದುದರಿಂದ ಎಂಜಿನು ನಿಂತರೂ ರೆಕ್ಕೆಯು ನಿಲ್ಲದು.

ಈ ನಿಜವಾದ ಗುಣದಿಂದಲೇ ಸುಳ್ಳು ಧೈರ್ಯವು ಹುಟ್ಟಿದೆಯೆಂದು ನಮ್ಮ ಅಭಿಪ್ರಾಯ. ಎಂಜಿನು ನಿಂತಾಗ ಹಾರಿಸುವವನು ಮೂತಿಯನ್ನು ತಗ್ಗಿಸಿ ವೇಗವನ್ನು ಕಾಯ್ದುಕೊಳ್ಳಬೇಕು. ನೆಲವು ಹತ್ತಿರವಾದಾಗ ಮೂತಿಯನ್ನೆತ್ತಿ, ಆ ವೇಗವನ್ನು ಮೆಲ್ಲನೆ ಇಳಿಯುವುದಕ್ಕೆ ವ್ಯಯಮಾಡಬೇಕು. ಐವತ್ತು ಅಡಿಗಳ ಎತ್ತರದಲ್ಲಿ ನಿಧಾನವಾಗಿ ಹೋಗುತ್ತಿರುವವನಿಗೆ ಕಾಯ್ದುಕೊಳ್ಳಲು ವೇಗವೆಲ್ಲಿ? ಅದನ್ನು ಗಳಿಸಲು ಎತ್ತರವೆಲ್ಲಿ? ಗಾಳಿಯನ್ನು ಬೆನ್ನಿಗಿಟ್ಟು ತಿರುಗಿದಾಗಲಂತೂ ನೆಲವು ಕೆಳಗೆ ಓಡುವುದನ್ನು ಕಂಡು, ಬೇಕಾದಷ್ಟು ವೇಗವಿದೆಯೆಂದು ಭ್ರಮಿಸಿ ಅವನು ಇನ್ನೂ ನಿಧಾನಿಸುವುದುಂಟು. ವಿದ್ಯುತ್ತಿನ ತಂತಿಗಳ ಮಾತು ಬೇರೆ. ಅವು ಕಣ್ಣಿಗೆ ಬೀಳುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಇವೆಲ್ಲಕ್ಕಿಂತ ಕ್ರೂರವಾದುದು ಮತ್ತೊಂದಿದೆ. ಸರ್ರನೆ ಮೇಲೇರಿ, ತಟ್ಟನೆ ಕಡ್ಡಿಯನ್ನು ಮುಂದಕ್ಕೆ ತಳ್ಳಿದರೆ ಯಂತ್ರವು ಕ್ಷಣಕಾಲ ಹಗುರವಾಗುವುದು. ಆಗ ರೆಕ್ಕೆಗೆ ಗಾಳಿಯ ಆಧಾರವು ತಪ್ಪಿ, ಅದರ ತಿರುಗಾಟವು ಕುಂದಿ, ಅದು ಬಾಲಕ್ಕಾಗಲಿ ಪ್ರೊಪೆಲ್ಲರಿಗಾಗಲಿ ಬಡಿಯಬಹುದು. ಹಾಗಾದ ಮೇಲೆ ಎಷ್ಟು ಎತ್ತರವಿದ್ದರೂ ಪ್ರಯೋಜನವಿಲ್ಲ. ಆದರೆ ಇಂಥ ಏರಿಳಿತದ ಆಟದ ಚಪಲವು ಪರಿಚಿತರ ತಲೆಗಳ ಮೇಲೆಯೇ ಹೆಚ್ಚಾಗಿ ಹುಟ್ಟುವುದು. ಕೆಳಗೆ ನಿಂತು ಕೈಬೀಸಿ ಚಪ್ಪಾಳೆ ತಟ್ಟುವ ನಾವು ನಿರಪರಾಧಿಗಳೆಂದು ಹೇಳಲಾರೆವು.

ಸಿಯೆರ್ವಾ ಸತ್ತದ್ದು ತನ್ನ ಯಂತ್ರದಿಂದಲ್ಲ. 1936ರ ಡಿಸೆಂಬರಿನಲ್ಲಿ ಲಂಡನಿನ ಕ್ರಾಯ್ಡನಿನಲ್ಲಿ ಅವನು ಪ್ರಯಾಣಿಕನಾಗಿ ಕುಳಿತಿದ್ದ ಸಾಧಾರಣ ವಿಮಾನವು ಮಂಜಿನಲ್ಲಿ ನೆಲವನ್ನು ಬಿಟ್ಟೊಡನೆಯೇ ಅಪಘಾತಕ್ಕೀಡಾಯಿತು. ಅಲ್ಲಿಯೂ ಇಲ್ಲದೆಹೋದದ್ದು ಎತ್ತರವೇ.

ನಮ್ಮ ಹುಡುಗಿಯರಲ್ಲಿ ಯಾರಾದರೂ ಇಂಥ ಯಂತ್ರವನ್ನು ನಡೆಯಿಸಲು ಕಲಿತರೆ ನಮಗೆ ಪರಮ ಸಂತೋಷವು. ಒಳ್ಳೆಯ ಶಿಕ್ಷಕರನ್ನು ಹುಡುಕಿ ಕಲಿಯಲಿ. ಒಂದು ದಿನ ಈ ಶಾಲೆಯ ಮೇಲೆ ಹಾದುಹೋಗುವುದಾದರೆ ಬಹಳ ಮೇಲೆಯೇ ಹೋಗಲಿ. ಯಾರೆಂದು ನಮಗೆ ಗುರುತು ಸಿಕ್ಕದಿದ್ದರೂ ಚಿಂತೆಯಿಲ್ಲ.