ಅಡ್ಡಾಡಿದವರಿಗೆ ಇಂಗ್ಲಿಷಿನ ಊರುಗೋಲು ಯಾಕೆ?

ಜರ್ಮನ್ ಕಲಿಯಲು ಹೊರಟ ಕನ್ನಡದ ಹುಡುಗರಿಗೆ ಮೊದಲೇ ಒಂದು ಹೆದರಿಕೆ ಹುಟ್ಟಿಸುತ್ತಾರೆ. ಭೂತಕಾಲಕ್ಕೆ ಸಹಾಯಕ ಕ್ರಿಯಾಪದ 'ಹಾಬೆನ್', ಅಂದರೆ ಹೊಂದಿರು, ಅದು ನಿಯಮ. 'ಝೈನ್', ಅಂದರೆ ಇರು. ಅದು ಅಪವಾದ, ಪಟ್ಟಿ ಬಾಯಿಪಾಠ ಮಾಡಿ. ಯಾರಿಗೆ ಅಪವಾದ ಸ್ವಾಮಿ? ಇಂಗ್ಲಿಷಿನವರಿಗೆ. ಅವರ ಭಯವನ್ನು ನಾವು ಎರವಲು ತಂದು ಒದ್ದಾಡುವುದು ಶುದ್ಧ ದಡ್ಡತನ.

ಸುಮ್ಮನೆ ಅಡ್ಡಾಡುವ ಕ್ರಿಯಾಪದಗಳನ್ನೇ ನೋಡಿ. 'ಷ್ಪಾತ್ಸೀರೆನ್' ಎಂದರೆ ವಿಹಾರಕ್ಕೆ ನಡೆಯುವುದು. 'ಷ್ಲೆಂಡರ್ನ್' ಎಂದರೆ ಯಾವ ಅವಸರವೂ ಇಲ್ಲದೆ ಹೆಜ್ಜೆ ಹಾಕುವುದು. 'ಬುಮ್ಮೆಲ್ನ್' ಎಂದರೆ ಅಂಗಡಿಬೀದಿಯಲ್ಲಿ ಕಣ್ಣು ಹಾಯಿಸುತ್ತ ಸುತ್ತುವುದು. ಕಥೆ ಬರೆಯುವವರು 'ಷ್ಲೆಂಡರ್ಟೆ' ಎಂದು ಒಂದೇ ಪದದಲ್ಲಿ ಮುಗಿಸಿಯಾರು. ಮಾತಿನಲ್ಲಿ ಮಾತ್ರ 'ಇಷ್ ಬಿನ್ ಗೆಷ್ಲೆಂಡರ್ಟ್'. ಈ 'ಬಿನ್' ಝೈನ್‌ನದೇ ರೂಪ. ಬಿಡಿಸಿದರೆ: ನಾನು ಅಡ್ಡಾಡಿ ಇದ್ದೇನೆ. ನಮ್ಮ 'ಅಡ್ಡಾಡಿದ್ದೇನೆ'ಯ ಹೊಟ್ಟೆಯೊಳಗೆ ಕೂತಿರುವುದೂ ಇದೇ 'ಇರು' ತಾನೆ? ಅರ್ಥ ಪೂರ್ತಿ ಒಂದೇ ಅಲ್ಲ, ನಿನ್ನೆಯ ಸುತ್ತಾಟಕ್ಕೆ ನಾವು 'ಅಡ್ಡಾಡಿದೆ' ಎಂದುಬಿಡುತ್ತೇವೆ. ಆದರೆ ಕಟ್ಟಡ ಪರಿಚಿತ. ನಮಗೆ ವಿಚಿತ್ರ ಎನಿಸಬೇಕಾದದ್ದು ತಿಂದದ್ದನ್ನೂ ಓದಿದ್ದನ್ನೂ 'ಹೊಂದಿದ್ದೇನೆ' ಎನ್ನುವ ಆ ಆಸ್ತಿವಂತರ ಹಾಬೆನ್!

(ಷ್ಪಾತ್ಸೀರೆನ್‌ಗೆ 'ಗೆ' ಹತ್ತುವುದಿಲ್ಲ, ಬರೀ 'ಷ್ಪಾತ್ಸೀರ್ಟ್'. 'ಈರೆನ್' ಬಾಲದವು ಬಹುಪಾಲು ಹಾಗೆಯೇ. ಇದಕ್ಕೆ ಕನ್ನಡ ನೆರವಾಗದು.)

ಹಾಗಾದರೆ ಕನ್ನಡದವರು ಎಲ್ಲದಕ್ಕೂ 'ಬಿನ್' ಹಚ್ಚಿ ಕೆಡಿಸುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೆಡಿಸುತ್ತಾರೆ, ಕೆಡಿಸಲಿ. ಇರುವ 'ಇರು'ವನ್ನು ಎಲ್ಲಿ ಬಿಡಬೇಕೆಂದು ಕಲಿಯುವುದು, ಇಲ್ಲದ 'ಹೊಂದು'ವನ್ನು ಮೊದಲು ಎಲ್ಲ ಕಡೆ ಮೆತ್ತಿ ಆಮೇಲೆ ಕೆರೆಯುವುದಕ್ಕಿಂತ ಸುಲಭ. ಅಲ್ಲದೆ ಬಿಡುವ ಜಾಗದಲ್ಲೇ ರುಚಿಯಿದೆ. 'ಬಿನ್ ಗೆಬುಮ್ಮೆಲ್ಟ್' ಎಂದರೆ ಪೇಟೆ ಸುತ್ತಿದೆ. 'ಹಾಬೆ ಗೆಬುಮ್ಮೆಲ್ಟ್' ಎಂದರೆ ಕೆಲಸ ಬಿಟ್ಟು ಕಾಲಹರಣ ಮಾಡಿದೆ. ಒಂದೇ ಕ್ರಿಯಾಪದ, ಸುತ್ತಾಟವೋ ಸೋಮಾರಿತನವೋ ಎಂದು ತೀರ್ಪು ಕೊಡುವುದು ಸಹಾಯಕ. ಎರಡಕ್ಕೂ 'ಹ್ಯಾವ್' ಎಂದೇ ಹೇಳುವ ಇಂಗ್ಲಿಷಿನ ಮೂಲಕ ಹೋದರೆ ಈ ತೀರ್ಪು ಕೇಳಿಸುವುದೇ ಇಲ್ಲ. ನಮ್ಮ ಎಷ್ಟೋ ಅನುವಾದಗಳು ಹೋಗುವುದು ಅದೇ ದಾರಿಯಲ್ಲಿ.

ಇನ್ನೊಂದು ಮಾತು. ಕೂತದ್ದಕ್ಕೆ ಉತ್ತರ ಜರ್ಮನಿಯವರು ಹಾಬೆನ್ ಬಳಸುತ್ತಾರೆ. ಬವೇರಿಯ, ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡಿನವರು 'ಬಿನ್ ಗೆಸೆಸ್ಸೆನ್' ಎನ್ನುತ್ತಾರೆ. ಕೂತಿದ್ದೇನೆ, ನಮ್ಮ ಹಾಗೆಯೇ.